ಹಿಡಿಯುವವರನ್ನು ಕೇಳುವವರಿಲ್ಲ

ಪ್ರೊ ಕಬಡ್ಡಿಯ ಹೊಸ ಸೀಸನ್ ಮಾತು ಶುರುವಾಯಿತೆಂದರೆ ಹೊಸಕೋಟೆಯಿಂದ ನೆಲಮಂಗಲದವರೆಗೆ ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯ ಬೆಂಚಿನ ಮೇಲೆ, ಶಾಲೆ ಮೈದಾನದ ಅಂಕಣದ ಬದಿಯಲ್ಲಿ ಕೇಳಿಬರುವ ತೀರ್ಪು ಒಂದೇ: ‘ಬುಲ್ಸ್‌ಗೆ ಒಬ್ಬ ದೊಡ್ಡ ರೈಡರ್ ತಂದಾಕ್ಲಿ, ಕಪ್ ನಮ್ದೇ ಕಣಣ್ಣಾ.’ ಟಿವಿಯಲ್ಲಿ ಕೋಟು ತೊಟ್ಟು ಕೂತ ಪರಿಣತರು ಹೇಳುವುದೂ ಇದನ್ನೇ, ಸ್ವಲ್ಪ ಇಸ್ತ್ರಿ ಮಾಡಿದ ಭಾಷೆಯಲ್ಲಿ. ಹರಾಜಿನ ದಿನ ಎಲ್ಲರ ಕಣ್ಣು ಕೋಟಿ ದಾಟುವ ಹೆಸರಿನ ಮೇಲೆ. ಆ ಹೆಸರು ಬೆಂಗಳೂರಿಗೆ ಬಂದರೆ ವಾಟ್ಸ್ಆ್ಯಪ್ ಸ್ಟೇಟಸ್ ತುಂಬ ಬೆಂಕಿಯ ಚಿತ್ರ. ಬಾರದಿದ್ದರೆ ‘ಈ ಸಲವೂ ಅಷ್ಟೇ’ ಎಂಬ ನಿಟ್ಟುಸಿರು. ಒಂದೂ ಪಂದ್ಯ ನಡೆಯುವ ಮೊದಲೇ ಸೀಸನ್ನಿನ ಹಣೆಬರಹ ಬರೆದು ಮುಗಿದಿರುತ್ತದೆ.

ಈ ತೀರ್ಪು ಕೇಳಲು ಹಿತ. ಒರೆಗೆ ಹಚ್ಚಿದರೆ ನಿಲ್ಲುವುದಿಲ್ಲ. 2014ರಿಂದ ಇಲ್ಲಿಯವರೆಗಿನ ಹನ್ನೆರಡು ಸೀಸನ್ನಿನ ಫಲಿತಾಂಶ ಕಣ್ಣೆದುರಿಗಿದೆ. ಕೋಟಿ ಸುರಿದು ತಂದ ರೈಡರ್‌ನ ಬೆನ್ನಿಗೆ ಕಟ್ಟಿದ ತಂಡಗಳಲ್ಲಿ ಹೆಚ್ಚಿನವು ಮಕಾಡೆ ಬಿದ್ದಿವೆ. ಒಟ್ಟಿಗೆ ಹಿಡಿಯಲು ಕಲಿತ ತಂಡಗಳು ಕಪ್ ಎತ್ತಿವೆ. ಬೆಂಗಳೂರು ಬುಲ್ಸ್‌ನ ಮುಂದಿನ ಸೀಸನ್ ಹೇಗಿರುತ್ತದೆ ಎಂದು ತಿಳಿಯಬೇಕಾದವರು ಯಾವ ರೈಡರ್ ಬಂದ ಎಂದು ಕೇಳಬೇಕಿಲ್ಲ. ಎಡ ಬಲ ಕಾರ್ನರ್‌ನಲ್ಲಿ ನಿಂತವರು ಹೋದ ವರ್ಷವೂ ಜೊತೆಯಾಗಿ ನಿಂತವರೇ ಎಂದು ಕೇಳಲಿ.

ತಂಡ ಎಲ್ಲಿಂದ ಎಲ್ಲಿಗೆ ಬಂದಿದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ನಮ್ಮ ಅಭಿಮಾನಿಗಳ ನೆನಪು ಬಹಳ ಗಿಡ್ಡ. 2024ರ ಹನ್ನೊಂದನೇ ಸೀಸನ್ನಿಗೆ ಬುಲ್ಸ್ ತಂದದ್ದು ಪರದೀಪ್ ನರ್ವಾಲ್‌ರನ್ನು. ಪಟ್ನಾ ಪೈರೇಟ್ಸ್‌ಗೆ ಸತತ ಮೂರು ಕಪ್ ಗೆಲ್ಲಿಸಿದವರು, ಒಂದೇ ಸೀಸನ್ನಿನಲ್ಲಿ 369 ರೈಡ್ ಪಾಯಿಂಟ್ ಗಳಿಸಿದವರು, ಒಂದೇ ರೈಡಿನಲ್ಲಿ ಎಂಟು ಪಾಯಿಂಟ್ ತಂದವರು. ಇವರಿಗಿಂತ ದೊಡ್ಡ ರೈಡರ್ ಈ ಲೀಗಿನ ಚರಿತ್ರೆಯಲ್ಲೇ ಇಲ್ಲ. ಟೀ ಅಂಗಡಿಯ ಬೇಡಿಕೆ ಅಕ್ಷರಶಃ ಈಡೇರಿತ್ತು. ಫಲಿತಾಂಶ? 22 ಪಂದ್ಯಗಳಲ್ಲಿ ಎರಡೇ ಗೆಲುವು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯ ಸ್ಥಾನ. ವಯಸ್ಸಾಯಿತು, ಕಾಲು ಸೋತಿತು ಎಂದು ಆಮೇಲೆ ಹೇಳಿದವರೆಲ್ಲ ಹರಾಜಿನ ರಾತ್ರಿ ಕುಣಿದವರೇ.

ಆಮೇಲೆ ತಂಡ ಮನೆ ಗುಡಿಸಿತು. ಮೊದಲ ಸೀಸನ್ನಿನಿಂದಲೂ ಇದ್ದ ಕೋಚ್ ರಣಧೀರ್ ಸಿಂಗ್ ಸೆಹ್ರಾವತ್ ಜಾಗಕ್ಕೆ ಕನ್ನಡಿಗ ಬಿ.ಸಿ. ರಮೇಶ್ ಬಂದರು. 2025ರ ಹನ್ನೆರಡನೇ ಸೀಸನ್ ಆರಂಭವಾದಾಗ ತಂಡದಲ್ಲಿ ಪೋಸ್ಟರಿಗೆ ಹಾಕುವಂಥ ಮುಖ ಇರಲಿಲ್ಲ. ಇರಾನಿನ ಅಲಿರೇಝಾ ಮಿರ್ಝಾಯಿಯನ್ ಯಾರೆಂದು ಇಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಮೊದಲ ಮೂರು ಪಂದ್ಯ ಸೋತಾಗ ‘ನಾವು ಹೇಳಿರಲಿಲ್ಲವಾ’ ಎಂಬ ದನಿ ಜೋರಾಯಿತು. ಅದೇ ತಂಡ ಲೀಗ್ ಹಂತ ಮುಗಿದಾಗ ಪುಣೇರಿ ಪಲ್ಟನ್ ಮತ್ತು ದಬಾಂಗ್ ಡೆಲ್ಲಿ ಬಿಟ್ಟರೆ ತಾನೇ ಎಂಬಂತೆ ಮೂರನೇ ಸ್ಥಾನದಲ್ಲಿತ್ತು. ಪ್ಲೇಆಫ್‌ನಲ್ಲಿ ಹೊರಬಿದ್ದಿತು, ನಿಜ. ಆದರೆ ಕೊನೆಯ ಸ್ಥಾನದಿಂದ ಮೂರನೆಯದಕ್ಕೆ ಒಂದೇ ವರ್ಷದಲ್ಲಿ ಏರಿದ ತಂಡದ ಬಗ್ಗೆ ಈಗ ನಮ್ಮವರು ಕೊಡುತ್ತಿರುವ ಸಲಹೆ ಏನು ಗೊತ್ತೇ? ಹನ್ನೊಂದನೇ ಸೀಸನ್ನಿನಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿ ಎಂಬುದು.

‘ಪವನ್ ಇದ್ದಾಗ ಕಪ್ ಬರಲಿಲ್ಲವಾ?’ ಎಂದು ತಕ್ಷಣ ಕೇಳುತ್ತಾರೆ. ಬಂತು. 2019ರ ಜನವರಿ 5ರಂದು ಮುಂಬೈಯಲ್ಲಿ ಗುಜರಾತ್ ವಿರುದ್ಧ 38–33. ಆ 38ರಲ್ಲಿ 22 ಪಾಯಿಂಟ್ ಪವನ್ ಸೆಹ್ರಾವತ್ ಒಬ್ಬರದೇ. ಅಂಥ ಫೈನಲ್ ಇನ್ನೊಂದಿಲ್ಲ, ಅದನ್ನು ಕಿರಿದು ಮಾಡುವ ಉದ್ದೇಶ ನನಗಿಲ್ಲ. ಆದರೆ ಈ ಕಥೆಯನ್ನು ನಮ್ಮ ಸ್ನೇಹಿತರು ಯಾವಾಗಲೂ ಅರ್ಧಕ್ಕೇ ನಿಲ್ಲಿಸುತ್ತಾರೆ. ಮುಂಚಿನ ಅರ್ಧವೂ ಇದೆ, ಮುಂದಿನ ಅರ್ಧವೂ ಇದೆ.

ಮುಂಚಿನದು: ಆ ಸೀಸನ್ನಿಗೆ ಬುಲ್ಸ್ ಕೊಂಡಾಗ ಪವನ್ ದೊಡ್ಡ ರೈಡರ್ ಆಗಿರಲೇ ಇಲ್ಲ. ಹಿಂದಿನ ವರ್ಷ ಗುಜರಾತ್ ತಂಡದ ಬೆಂಚಿನಲ್ಲಿ ಕೂತಿದ್ದ ಹುಡುಗ. ಪ್ರೊ ಕಬಡ್ಡಿಯಲ್ಲಿ ಮೊದಲ ಬಾರಿಗೆ ಕೋಟಿ ರೂಪಾಯಿ ದಾಟಿದ್ದು ಅದೇ 2018ರ ಹರಾಜಿನಲ್ಲಿ. ಮೋನು ಗೋಯತ್ 1.51 ಕೋಟಿ, ರಾಹುಲ್ ಚೌಧರಿ 1.29 ಕೋಟಿ, ದೀಪಕ್ ಹೂಡಾ, ನಿತಿನ್ ತೋಮರ್, ರಿಶಾಂಕ್ ದೇವಾಡಿಗ, ಇರಾನಿನ ಫಜಲ್ ಅತ್ರಾಚಲಿ ಹೀಗೆ ಆರು ಜನ ಕೋಟ್ಯಧಿಪತಿಗಳಾದರು. ಆರರಲ್ಲಿ ಒಬ್ಬರೂ ಫೈನಲ್ ಆಡಿದ ಎರಡು ತಂಡಗಳಲ್ಲಿ ಇರಲಿಲ್ಲ. ಅತಿ ದುಬಾರಿ ಮೋನು ಗೋಯತ್ ಇದ್ದ ಹರಿಯಾಣ ಸ್ಟೀಲರ್ಸ್ ತನ್ನ ವಲಯದಲ್ಲಿ ಕಟ್ಟಕಡೆಗೆ ನಿಂತಿತು. ಅಂದರೆ ನಾವು ಸ್ಟಾರ್ ತಂದು ಕಪ್ ಗೆದ್ದಿಲ್ಲ. ಕಪ್ ಗೆದ್ದ ತಂಡದಲ್ಲಿ ಒಬ್ಬ ಸ್ಟಾರ್ ಹುಟ್ಟಿದ.

ಮುಂದಿನದು ಇನ್ನೂ ಕಹಿ. ಏಳನೇ ಸೀಸನ್ನಿನಲ್ಲಿ ಪವನ್ ಗಳಿಸಿದ್ದು 346 ರೈಡ್ ಪಾಯಿಂಟ್. ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಂದ ವರ್ಷ ಅದು. ಎಂಟನೇ ಸೀಸನ್ನಿನಲ್ಲಿ 304. ಎರಡೂ ವರ್ಷ ಇಡೀ ಲೀಗಿಗೆ ಅವರೇ ಮೊದಲಿಗರು. ಎರಡೂ ವರ್ಷ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ಡೆಲ್ಲಿಗೆ ಸೋತು ಮನೆಗೆ ಬಂದಿತು. ರೈಡಿಂಗ್ ಸಾಲದೆ ಸೋತರು ಎಂದು ಹೇಳಲು ಯಾರಿಗಾದರೂ ಬಾಯಿ ಬರುತ್ತದೆಯೇ? ಲೀಗಿನ ಅತ್ಯುತ್ತಮ ರೈಡರ್ ಪಾಯಿಂಟ್ ತರುತ್ತಲೇ ಇದ್ದರು, ಎದುರಿನವರು ನಮ್ಮ ಅಂಕಣದಿಂದ ಅದಕ್ಕಿಂತ ಹೆಚ್ಚು ಕಿತ್ತುಕೊಂಡು ಹೋಗುತ್ತಿದ್ದರು.

ಪವನ್ ಹೋದ ದಾರಿಯನ್ನೂ ಹಿಂಬಾಲಿಸಿ ನೋಡಿ, ಪಾಠ ಅಲ್ಲೇ ಬಿದ್ದಿದೆ. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಕರೆದೊಯ್ದಿತು. ಮೊದಲ ಪಂದ್ಯದಲ್ಲೇ ಮಂಡಿ ಪೆಟ್ಟಾಗಿ ಪವನ್ ಇಡೀ ಸೀಸನ್ ಕೂತರು. ತಲೈವಾಸ್ ಕಥೆ ಮುಗಿಯಿತು ಎಂದು ಎಲ್ಲರೂ ಷರಾ ಬರೆದರು. ಆ ತಂಡ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಸೆಮಿಫೈನಲ್ ತಲುಪಿದ್ದು ಅದೇ ವರ್ಷ, ಅವರಿಲ್ಲದೆ. ಮರುವರ್ಷ ತೆಲುಗು ಟೈಟನ್ಸ್ 2.605 ಕೋಟಿಯ ದಾಖಲೆ ಬೆಲೆ ಕೊಟ್ಟಿತು. ಪವನ್ ಆರೋಗ್ಯವಾಗಿದ್ದರು, ಇನ್ನೂರಕ್ಕೂ ಹೆಚ್ಚು ಪಾಯಿಂಟ್ ತಂದರು. ಟೈಟನ್ಸ್ ಎರಡು ಪಂದ್ಯ ಗೆದ್ದು ಕೊನೆಯ ಸ್ಥಾನಕ್ಕೆ ಹೋಯಿತು. 2025ರಲ್ಲಿ ಪವನ್ ಇಲ್ಲದ ಟೈಟನ್ಸ್ ಮೊದಲ ನಾಲ್ಕರಲ್ಲಿ ಬಂದಿತು. ಇದರಲ್ಲಿ ಪವನ್ ತಪ್ಪೇನಿದೆ? ಒಬ್ಬ ಆಟಗಾರನಿಗೆ ಇಡೀ ತಂಡದ ಭಾರ ಹೊರಿಸಿ, ಉಳಿದ ಆರು ಜನರ ಜಾಗಕ್ಕೆ ಹಣವೂ ಇಲ್ಲ, ಗಮನವೂ ಇಲ್ಲ ಎಂದು ಮಾಡಿದ ಮಾಲೀಕರ ಲೆಕ್ಕ ತಪ್ಪು. ಪರದೀಪ್‌ರನ್ನು ಬಿಟ್ಟುಕೊಟ್ಟ ಪಟ್ನಾ ಆ ಎಂಟನೇ ಸೀಸನ್ನಿನಲ್ಲೇ ಲೀಗ್ ಪಟ್ಟಿಯ ಮೇಲ್ತುದಿಗೆ ಏರಿ ಫೈನಲ್ ಆಡಿದ್ದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಫೈನಲ್‌ಗಳ ಅಂಕಿಯನ್ನು ಸಾಲಾಗಿ ಬರೆದು ನೋಡಿದವರು ನಮ್ಮಲ್ಲಿ ಕಡಿಮೆ. ಐದನೇ ಸೀಸನ್ನಿನ ಫೈನಲ್‌ನಲ್ಲಿ ಪರದೀಪ್‌ರ ಪಟ್ನಾ ಗೆದ್ದದ್ದು 55–38ರಿಂದ. ಅದು ರೈಡರ್‌ಗಳ ಯುಗದ ತುತ್ತತುದಿ. ಮುಂದೆ 38–33, 39–34, 37–36. ಒಂಬತ್ತನೇ ಸೀಸನ್ನಿನಲ್ಲಿ ಜೈಪುರ 33–29. ಹತ್ತರಲ್ಲಿ ಪುಣೆ 28–25. ಹನ್ನೊಂದರಲ್ಲಿ ಹರಿಯಾಣ 32–23. ಹನ್ನೆರಡರಲ್ಲಿ ಡೆಲ್ಲಿ 31–28. 55 ಪಾಯಿಂಟಿನ ಫೈನಲ್ ನೋಡಿದ ಕಣ್ಣಿನಲ್ಲೇ ನಾವು ಇನ್ನೂ 28 ಪಾಯಿಂಟಿನ ಫೈನಲ್ ನೋಡುತ್ತಿದ್ದೇವೆ. ಇಷ್ಟು ಬಿಗಿಯಾದ ಪಂದ್ಯದಲ್ಲಿ ಹದಿನೆಂಟು ಪಾಯಿಂಟ್ ತರುವ ರೈಡರ್ ಇರುವುದೇ ಅಪರೂಪ, ಇದ್ದರೂ ಗೆಲುವು ಖಚಿತವಲ್ಲ. 2019ರ ಅಕ್ಟೋಬರಿನಲ್ಲಿ ಅಹಮದಾಬಾದಿನ ಫೈನಲ್‌ನಲ್ಲಿ ಡೆಲ್ಲಿಯ ನವೀನ್ ಕುಮಾರ್ ಹದಿನೆಂಟು ತಂದರು, ಆದರೂ ಸೋತರು. ಗೆದ್ದ ಬೆಂಗಾಲ್ ವಾರಿಯರ್ಸ್‌ನಲ್ಲಿ ಅವತ್ತು ಅವರ ದೊಡ್ಡ ರೈಡರ್ ಮಣಿಂದರ್ ಸಿಂಗ್ ಭುಜದ ಪೆಟ್ಟಿನಿಂದ ಆಡಲೇ ಇಲ್ಲ. ಆ ತಂಡದ ಕೋಚ್ ಯಾರು? ಬಿ.ಸಿ. ರಮೇಶ್. ಹತ್ತನೇ ಸೀಸನ್ನಿನಲ್ಲಿ 28 ಪಾಯಿಂಟಿಗೆ ಕಪ್ ಎತ್ತಿದ ಪುಣೆಯ ಕೋಚ್? ಅವರೇ. ಆ ಪುಣೆಯಲ್ಲಿ ಅತಿ ಹೆಚ್ಚು ಸುದ್ದಿ ಮಾಡಿದವರು ಒಬ್ಬ ಹಿಡಿಯುವವರು, ಇರಾನಿನ ಮೊಹಮ್ಮದ್‌ರೇಝಾ ಶಾದ್ಲೂಯಿ, 99 ಟ್ಯಾಕಲ್ ಪಾಯಿಂಟ್.

ನಿಯಮವೇ ಹಿಡಿಯುವವರ ಪರವಾಗಿದೆ, ಆದರೂ ಕಣ್ಣಿಗೆ ಬೀಳುವುದಿಲ್ಲ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’, ಪಾಯಿಂಟ್ ತರದೆ ವಾಪಸ್ ಬಂದರೆ ರೈಡರ್ ಔಟ್. ಗಟ್ಟಿ ಡಿಫೆನ್ಸ್ ಇರುವ ತಂಡ ಮೊದಲೆರಡು ರೈಡುಗಳಲ್ಲಿ ಹಿಂದೆ ಸರಿದು ನಿಂತು, ಎದುರಾಳಿಯನ್ನು ಮೂರನೆಯದಕ್ಕೆ ತಳ್ಳುತ್ತದೆ. ಅಂಕಣದಲ್ಲಿ ಮೂರೋ ಎರಡೋ ಜನ ಉಳಿದಾಗ ರೈಡರ್‌ನನ್ನು ಕೆಡವಿದರೆ ಒಂದಲ್ಲ, ಎರಡು ಪಾಯಿಂಟ್. ಇನ್ನೇನು ಆಲ್‌ಔಟ್ ಆಗಿ ಎರಡು ಹೆಚ್ಚುವರಿ ಪಾಯಿಂಟ್ ಎದುರಾಳಿಗೆ ಹೋಗಬೇಕು ಎನ್ನುವಾಗ ಒಂದು ಸೂಪರ್ ಟ್ಯಾಕಲ್ ಪಂದ್ಯವನ್ನು ಮಗುಚಿ ಹಾಕುತ್ತದೆ. ಇನ್ನೂ ಒಂದು ಮಾತಿದೆ, ಇದು ಮುಖ್ಯ. ಎದುರಿನ ಮುಖ್ಯ ರೈಡರ್ ಸಿಕ್ಕಿಬಿದ್ದು ಬೆಂಚಿನಲ್ಲಿ ಕೂತರೆ, ಅವನನ್ನು ಎಬ್ಬಿಸಲು ಅವನ ತಂಡ ಮತ್ತೊಂದು ಪಾಯಿಂಟ್ ತರಬೇಕು. ಅಲ್ಲಿಯವರೆಗೆ ಎರಡು ಕೋಟಿಯ ಆಟಗಾರ ಟವೆಲ್ ಹೊದ್ದು ಕೂತಿರುತ್ತಾನೆ. ಬೆಲೆ ಎಷ್ಟೇ ಇರಲಿ, ಕೂತವನ ಕಿಮ್ಮತ್ತು ಸೊನ್ನೆ.

ಹೀಗಿದ್ದರೂ ‘ದೊಡ್ಡ ರೈಡರ್’ ಎಂಬ ನಂಬಿಕೆ ಯಾಕೆ ಅಲ್ಲಾಡುವುದಿಲ್ಲ? ರೈಡರ್ ಒಬ್ಬನೇ ಹೋಗುತ್ತಾನೆ, ಕ್ಯಾಮೆರಾ ಅವನ ಹಿಂದೆ ಹೋಗುತ್ತದೆ. ಮೂವತ್ತು ಸೆಕೆಂಡಿನ ರೈಡ್ ರೀಲ್ಸಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಕವರ್‌ನಲ್ಲಿ ನಿಂತವನು ರೈಡರ್ ತಿರುಗುವುದಕ್ಕೆ ಅರ್ಧ ಹೆಜ್ಜೆ ಮುಂಚೆ ಪಕ್ಕದವನ ಕೈ ಬಿಟ್ಟು ನುಗ್ಗಿದ್ದು ಯಾರ ರೀಲ್ಸಿನಲ್ಲೂ ಕಾಣುವುದಿಲ್ಲ. ಟಿವಿ ವಿಷಯ ಇಷ್ಟು ಸಾಕು. ಈ ನಂಬಿಕೆಯ ಬೇರು ನಮ್ಮ ಊರುಗಳಲ್ಲೇ ಇದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಮಾತಾಡಬೇಕು.

ಬೆಂಗಳೂರು ಗ್ರಾಮಾಂತರದ ನಾಲ್ಕೂ ತಾಲ್ಲೂಕುಗಳಲ್ಲಿ ಜಾತ್ರೆಗೆ, ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ನಡೆಯುತ್ತದೆ. ಸೂಲಿಬೆಲೆ, ವಿಜಯಪುರ, ತೂಬಗೆರೆ, ತ್ಯಾಮಗೊಂಡ್ಲು ಕಡೆಯ ರಸ್ತೆಗಳಲ್ಲಿ ಫ್ಲೆಕ್ಸ್ ನೋಡದವರಿಲ್ಲ. ಮೇಲೆ ಮುಖಂಡರ ಫೋಟೊ ಸಾಲು, ಕೆಳಗೆ ಮೊದಲ ಬಹುಮಾನ, ಎರಡನೆಯದು, ಪ್ರವೇಶ ಶುಲ್ಕ, ತೂಕದ ಮಿತಿ. ಮೊದಲು ಕೆಮ್ಮಣ್ಣಿನ ಅಂಕಣವಿತ್ತು, ಈಗ ಬಾಡಿಗೆ ಮ್ಯಾಟ್ ಬಂದಿದೆ. ಆಟಕ್ಕೆ ಜನ ಸೇರುತ್ತಾರೆ, ಬೆಳಗಿನ ಜಾವದವರೆಗೂ ಕೂರುತ್ತಾರೆ. ಕ್ರಿಕೆಟ್ಟಿನ ನಡುವೆಯೂ ಕಬಡ್ಡಿ ಇನ್ನೂ ಉಸಿರಾಡುತ್ತಿರುವ ಊರುಗಳು ಇವು.

ಈ ಪಂದ್ಯಾವಳಿಗಳಲ್ಲಿ ಗೆಲ್ಲಬೇಕಾದ ಊರಿನ ತಂಡ ಏನು ಮಾಡುತ್ತದೆ? ಹೊರಗಿನಿಂದ ಒಬ್ಬ ‘ಗೆಸ್ಟ್ ಪ್ಲೇಯರ್’ ಕರೆಸುತ್ತದೆ. ಒಬ್ಬನಿಗೇ ದುಡ್ಡಿದ್ದರೆ ಅವನು ಯಾವಾಗಲೂ ರೈಡರ್. ಕ್ಯಾಚರ್‌ನನ್ನು ಒಂದು ರಾತ್ರಿಗೆ ಬಾಡಿಗೆಗೆ ಕರೆತಂದವರನ್ನು ಕಾಣುವುದು ಅಪರೂಪ, ಅದಕ್ಕೆ ಸರಿಯಾದ ಕಾರಣವೂ ಇದೆ. ರೈಡರ್ ಯಾವ ಊರಿನ ಬನಿಯನ್ ತೊಟ್ಟರೂ ತನ್ನ ಕಾಲಿನ ಮೇಲೆ ತಾನು ಆಡುತ್ತಾನೆ. ಕ್ಯಾಚರ್ ಹಾಗಲ್ಲ. ಕಾರ್ನರ್‌ನವನು ಕಾಲು ಹಿಡಿದ ಕ್ಷಣ ಕವರ್‌ನವನು ಬಂದು ಮೈಮೇಲೆ ಬೀಳದಿದ್ದರೆ ಆ ಹಿಡಿತ ಒಂದು ಪಾಯಿಂಟ್ ಬಿಟ್ಟುಕೊಡುವ ದಾರಿ ಅಷ್ಟೆ. ಪಕ್ಕದವನು ಯಾವಾಗ ಹೋಗುತ್ತಾನೆ, ಯಾವಾಗ ತಡೆಯುತ್ತಾನೆ ಎಂಬುದು ಕಣ್ಣು ನೋಡದೆ ಗೊತ್ತಾಗಬೇಕು. ಅದಕ್ಕೆ ತಿಂಗಳುಗಟ್ಟಲೆ ಸಂಜೆಗಳು ಬೇಕು, ಅವೇ ಏಳು ಜನ ಬೇಕು. ದೊಡ್ಡಬಳ್ಳಾಪುರದ ಮಗ್ಗದವರಿಗೆ ಇದು ಬೇಗ ತಿಳಿಯುತ್ತದೆ: ಹೊಕ್ಕಿನ ನೂಲು ಎಷ್ಟೇ ಮಿಂಚಲಿ, ಹಾಸು ಸಡಿಲವಾಗಿದ್ದರೆ ಸೀರೆ ಸೀರೆಯಾಗುವುದಿಲ್ಲ.

ಆ ಸಂಜೆಗಳೇ ಇಲ್ಲವಾಗಿವೆ ಎಂಬುದು ನಮ್ಮ ಜಿಲ್ಲೆಯ ಕಬಡ್ಡಿಯ ನಿಜವಾದ ಸಂಕಟ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಹುಡುಗರ ಬದುಕು ಪಾಳಿಗೆ ಬಿದ್ದಿತು. ಹೊಸಕೋಟೆ ಕಡೆ ಕಾರ್ಖಾನೆಯ ಪಾಳಿ, ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನಲ್ಲಿ ಗಾರ್ಮೆಂಟ್ಸ್, ನೆಲಮಂಗಲ–ದಾಬಸ್‌ಪೇಟೆ ರಸ್ತೆಯುದ್ದಕ್ಕೂ ಗೋದಾಮುಗಳ ರಾತ್ರಿ ಪಾಳಿ. ಒಬ್ಬ ಸಂಜೆ ಐದಕ್ಕೆ ಬರುವಾಗ ಇನ್ನೊಬ್ಬ ಐದಕ್ಕೆ ಹೊರಡುತ್ತಾನೆ. ಏಳು ಜನ ಒಟ್ಟಿಗೆ ಅಂಕಣದಲ್ಲಿ ನಿಲ್ಲುವುದು ಭಾನುವಾರವೂ ಕಷ್ಟ. ಉದ್ಯೋಗ ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಅದು ಬಂದದ್ದರಿಂದ ಎಷ್ಟೋ ಮನೆ ಎದ್ದು ನಿಂತಿವೆ. ಆದರೆ ಅಭ್ಯಾಸಕ್ಕೆ ಹೊತ್ತಿಲ್ಲದ ಊರು ಸುಲಭದ ದಾರಿ ಹಿಡಿಯಿತು, ಬಾಡಿಗೆ ರೈಡರ್. ಆ ದಾರಿಯಲ್ಲಿ ನಾಲ್ಕು ಕಪ್ ಬಂದು ಗ್ರಾಮ ಪಂಚಾಯಿತಿ ಕಟ್ಟಡದ ಗಾಜಿನ ಬೀರುವಿನಲ್ಲಿ ಕೂತವು. ಕೊನೆಗೆ ಬಾಡಿಗೆ ರೈಡರೇ ಆಟ ಎಂಬ ಸಿದ್ಧಾಂತ ಹುಟ್ಟಿತು. ಅದೇ ಸಿದ್ಧಾಂತ ಈಗ ಬುಲ್ಸ್ ಮಾಲೀಕರಿಗೆ ಪುಕ್ಕಟೆ ಸಲಹೆಯಾಗಿ ಹೋಗುತ್ತಿದೆ.

ಬಹುಮಾನ ವಿತರಣೆಯನ್ನೂ ನೋಡಿ. ‘ಉತ್ತಮ ರೈಡರ್’ ಟ್ರೋಫಿ ಕೊಡಲು ಮುಖಂಡರೇ ಬೇಕು, ಫೋಟೊ ಬೇಕು. ‘ಉತ್ತಮ ಕ್ಯಾಚರ್’ ಟ್ರೋಫಿಯೂ ಇರುತ್ತದೆ. ಅದನ್ನು ಕೊಡುವ ಹೊತ್ತಿಗೆ ಮುಖಂಡರು ಕಾರು ಹತ್ತಿರುತ್ತಾರೆ. ಹದಿನಾಲ್ಕು ವರ್ಷದ ಹುಡುಗ ಇದನ್ನೆಲ್ಲ ನೋಡುತ್ತಾ ಬೆಳೆಯುತ್ತಾನೆ. ಮೈಕಟ್ಟು, ಕೈ ಹಿಡಿತ ನೋಡಿದರೆ ಅವನು ಒಳ್ಳೆಯ ಬಲ ಕಾರ್ನರ್ ಆಗಬಹುದಿತ್ತು. ಆದರೆ ಅವನಿಗೆ ಬೇಕಾದದ್ದು ಗೆರೆ ಮುಟ್ಟಿ ತೊಡೆ ತಟ್ಟುವುದು. ತೊಡೆ ತಟ್ಟಲು ಕಲಿತವರು ಪ್ರತಿ ಊರಿನಲ್ಲೂ ನಾಲ್ಕು ಜನ ಇದ್ದಾರೆ. ನಿಂತು ಹಿಡಿಯುವವರು ಹೋಬಳಿಗೆ ಇಬ್ಬರು ಸಿಕ್ಕರೆ ಪುಣ್ಯ.

ಇದು ಕಬಡ್ಡಿಯ ಕಾಯಿಲೆ ಮಾತ್ರ ಅಲ್ಲ. ಕ್ರಿಕೆಟ್ಟಿನ ಆರ್‌ಸಿಬಿಯನ್ನೇ ತೆಗೆದುಕೊಳ್ಳಿ. 2016ರಲ್ಲಿ ವಿರಾಟ್ ಕೊಹ್ಲಿ 973 ರನ್, ಎ.ಬಿ. ಡಿವಿಲಿಯರ್ಸ್ 687 ರನ್, ಜೊತೆಗೆ ಕ್ರಿಸ್ ಗೇಲ್. ಫೈನಲ್‌ನಲ್ಲಿ ಎಂಟು ರನ್ನಿನ ಸೋಲು. 2025ರ ಜೂನ್ 3ರಂದು ಹದಿನೆಂಟನೇ ಪ್ರಯತ್ನದಲ್ಲಿ ಕಪ್ ಬಂದಾಗ ಪಂದ್ಯಶ್ರೇಷ್ಠ ಯಾರು? ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಇನ್ನೂ ಒಳ್ಳೆಯ ನಿದರ್ಶನವಿದೆ. ಕೆಳಗೆ ಬಿದ್ದ ತಂಡವನ್ನು ಮತ್ತೆ ಕಟ್ಟುವುದನ್ನೇ ಅವರು ಒಂದು ಶಾಸ್ತ್ರ ಮಾಡಿಕೊಂಡಿದ್ದಾರೆ. 2000ದ ಕೊನೆಗೆ ಟೆಕ್ಸಾಸ್ ರೇಂಜರ್ಸ್ ತಂಡ ಅಲೆಕ್ಸ್ ರೊಡ್ರಿಗಸ್ ಎಂಬ ಆಟಗಾರನನ್ನು ಹತ್ತು ವರ್ಷಕ್ಕೆ 25.2 ಕೋಟಿ ಡಾಲರ್ ಕೊಟ್ಟು ಸಿಯಾಟಲ್ ಮ್ಯಾರಿನರ್ಸ್‌ನಿಂದ ಎಳೆದುಕೊಂಡಿತು. ಆ ಕಾಲಕ್ಕೆ ಅದು ಯಾರೂ ಕೇಳದ ಮೊತ್ತ. 2001ರಲ್ಲಿ ಅವನು ಚೆನ್ನಾಗಿಯೇ ಆಡಿದ, ಟೆಕ್ಸಾಸ್ ತನ್ನ ಗುಂಪಿನಲ್ಲಿ ಕೊನೆಗೆ ನಿಂತಿತು. ಅವನನ್ನು ಕಳೆದುಕೊಂಡ ಸಿಯಾಟಲ್ 162ರಲ್ಲಿ 116 ಪಂದ್ಯ ಗೆದ್ದಿತು. ಸಿಯಾಟಲ್‌ಗೆ ಆ ವರ್ಷ ಜಪಾನಿನಿಂದ ಇಚಿರೊ ಸುಜುಕಿ ಬಂದಿದ್ದರು, ಕಪ್ ಮಾತ್ರ ಅವರಿಗೂ ದಕ್ಕಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಲೆಕ್ಕ ಬಲ್ಲವರು ನನ್ನ ಕಿವಿ ಹಿಂಡುತ್ತಾರೆ. ಆದರೂ ಟೆಕ್ಸಾಸ್ ಕೊಂಡದ್ದು ಒಬ್ಬ ಆಟಗಾರನನ್ನು, ತಂಡವನ್ನಲ್ಲ ಎಂಬುದು ಉಳಿದೇ ಉಳಿಯುತ್ತದೆ.

ಎದುರು ವಾದದಲ್ಲಿ ಒಂದು ಗಟ್ಟಿಯಾದದ್ದಿದೆ. ‘ಹಾಗಾದರೆ ದುಬಾರಿ ಕ್ಯಾಚರ್ ತಂದರೆ ಸಾಕಲ್ಲ’ ಎನ್ನುತ್ತಾರೆ. ಸಾಲದು. ಹನ್ನೆರಡನೇ ಸೀಸನ್ನಿನ ಹರಾಜಿನಲ್ಲಿ ಅತಿ ದುಬಾರಿಯಾದವರು ಇಬ್ಬರು. ಪುಣೆ ಮತ್ತು ಹರಿಯಾಣದೊಡನೆ ಬೆನ್ನುಬೆನ್ನಿಗೆ ಎರಡು ಕಪ್ ಗೆದ್ದ ಅದೇ ಶಾದ್ಲೂಯಿಗೆ ಗುಜರಾತ್ ಜೈಂಟ್ಸ್ 2.23 ಕೋಟಿ ಕೊಟ್ಟಿತು. ಹಿಂದಿನ ಸೀಸನ್ನಿನ ಮೊದಲ ರೈಡರ್ ದೇವಾಂಕ್ ದಲಾಲ್‌ಗೆ ಬೆಂಗಾಲ್ 2.205 ಕೋಟಿ ಕೊಟ್ಟಿತು. ಮೇಲಿನ ಎಂಟು ತಂಡಗಳಿಗೆ ಮುಂದಿನ ಹಂತಕ್ಕೆ ಪ್ರವೇಶವಿದ್ದ ಸೀಸನ್ನಿನಲ್ಲಿ ಎರಡೂ ತಂಡಗಳು ಆ ಎಂಟರೊಳಗೆ ಬರಲಿಲ್ಲ. ಪುಣೆಯಲ್ಲಿ ಶಾದ್ಲೂಯಿ ಸುತ್ತ ವರ್ಷಗಳಿಂದ ಒಟ್ಟಿಗೆ ಆಡಿದ ಹುಡುಗರಿದ್ದರು, ಹರಿಯಾಣದಲ್ಲಿ ಜೈದೀಪ್ ಮತ್ತು ರಾಹುಲ್ ಸೇತ್‌ಪಾಲ್ ಇದ್ದರು. ಅದೇ ಆಟಗಾರ, ಅದೇ ಕೈ, ಪಕ್ಕದವರು ಮಾತ್ರ ಬೇರೆ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಡ.

ರಮೇಶ್ ಬಂದದ್ದೇ ಸಾಕು, ಇನ್ನು ಅವರೇ ನೋಡಿಕೊಳ್ಳುತ್ತಾರೆ ಎನ್ನುವ ಇನ್ನೊಂದು ಗುಂಪೂ ಇದೆ. ಕೋಚ್ ಕೂಡ ಒಬ್ಬ ಸ್ಟಾರ್ ಆಗಿಬಿಟ್ಟ ಹಾಗೆ. ಎರಡು ಬೇರೆ ಬೇರೆ ತಂಡಗಳಿಗೆ ಕಪ್ ತಂದುಕೊಟ್ಟ ಅರ್ಜುನ ಪ್ರಶಸ್ತಿ ವಿಜೇತ ಅವರು, ಗೌರವ ಸಲ್ಲಲೇಬೇಕು. ಆದರೆ ಅವರು ಮಂತ್ರವಾದಿಯಲ್ಲ. ಕಪ್ ಗೆದ್ದ ಮರುವರ್ಷ ಅವರ ಪುಣೆ ಪ್ಲೇಆಫ್ ತಲುಪಲಿಲ್ಲ. ಆ ವರ್ಷ ಶಾದ್ಲೂಯಿ ಹರಿಯಾಣಕ್ಕೆ ಹೋಗಿದ್ದರು, ನಾಯಕ ಅಸ್ಲಂ ಇನಾಮ್‌ದಾರ್ ಗಾಯಗೊಂಡಿದ್ದರು. ಸರಪಳಿಯ ಕೊಂಡಿ ಕಳಚಿದರೆ ಯಾವ ಕೋಚೂ ನಿಲ್ಲಿಸಲಾರ. ಅದಕ್ಕೇ ಹೇಳುವುದು: ಮುಂದಿನ ಸೀಸನ್ನಿನಲ್ಲಿ ಬುಲ್ಸ್ ಮಾಡಬೇಕಾದ ಮೊದಲ ಖರ್ಚು ಹೊಸಬರ ಮೇಲಲ್ಲ, 2025ರಲ್ಲಿ ಯೋಗೇಶ್, ದೀಪಕ್ ಶಂಕರ್ ಅಂಥವರು ಕಟ್ಟಿದ ಡಿಫೆನ್ಸನ್ನು ಚದುರದಂತೆ ಇಟ್ಟುಕೊಳ್ಳುವುದರ ಮೇಲೆ. ಲೀಗಿನ ನಿಯಮದಲ್ಲಿ ಅದಕ್ಕೆ ದಾರಿಗಳಿವೆ, ಹಳೆಯ ಆಟಗಾರರನ್ನು ಉಳಿಸಿಕೊಳ್ಳಬಹುದು, ಎಳೆಯರನ್ನು ಹರಾಜಿಲ್ಲದೆಯೇ ಸೇರಿಸಿಕೊಂಡು ಬೆಳೆಸಬಹುದು. ಹಾಗೆ ಉಳಿಸಿಕೊಂಡಾಗ ಪತ್ರಿಕೆಯಲ್ಲಿ ದೊಡ್ಡ ಅಕ್ಷರ ಬರುವುದಿಲ್ಲ ಎಂಬುದೊಂದೇ ತೊಂದರೆ.

ಹಿಡಿಯುವವರನ್ನು ಮರೆಯುವುದು ನಮಗೆ ಹೊಸದೇನಲ್ಲ. ಹಿಂದಕ್ಕೆ ಹೋದರೆ, ಬುಲ್ಸ್ ಮೊದಲ ಬಾರಿಗೆ ಫೈನಲ್ ಆಡಿದ್ದು 2015ರಲ್ಲಿ. ಆಗ ನಾಯಕ ಮಂಜೀತ್ ಛಿಲ್ಲರ್, ಹಿಡಿಯುವುದರಲ್ಲಿ ಹೆಸರಾದ ಆಲ್‌ರೌಂಡರ್. ಯು ಮುಂಬಾ ಎದುರು 36–30ಕ್ಕೆ ಸೋತರು. ಆ ಫೈನಲ್ ನಮ್ಮಲ್ಲಿ ಯಾರ ಬಾಯಲ್ಲೂ ಇಲ್ಲ.

ನಡುವೆ ಒಂದು ದೂರು ದಾಖಲಿಸಬೇಕು, ತಂಡ ಕಟ್ಟುವ ಮಾತಿಗೆ ಇದೂ ಸೇರುತ್ತದೆ. ಬೆಂಗಳೂರು ಹೆಸರಿನ ಈ ತಂಡ ಬೆಂಗಳೂರಿನಲ್ಲಿ ಆಡುವುದೇ ಕಡಿಮೆ. 2017ರಲ್ಲಿ ಅದರ ತವರು ಪಂದ್ಯಗಳು ನಾಗಪುರಕ್ಕೆ ಹೋದವು, ಕಪ್ ಗೆದ್ದ ಸೀಸನ್ನಿನಲ್ಲಿ ಪುಣೆಗೆ. ಎಂಟನೇ ಸೀಸನ್ ಇಡಿಯಾಗಿ 2021ರ ಡಿಸೆಂಬರಿನಿಂದ 2022ರ ಫೆಬ್ರುವರಿವರೆಗೆ ವೈಟ್‌ಫೀಲ್ಡಿನ ಹೋಟೆಲಿನಲ್ಲಿ ನಡೆಯಿತು, ಹೊಸಕೋಟೆಯಿಂದ ಬೈಕಿನಲ್ಲಿ ಹೋಗಿಬರುವ ದೂರ. ಕೊರೊನಾ ಕಾಲ, ಒಳಗೆ ಒಬ್ಬ ಪ್ರೇಕ್ಷಕನನ್ನೂ ಬಿಡುತ್ತಿರಲಿಲ್ಲ. ಆಮೇಲೆ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೆಲವು ದಿನ ಆಡಿದ್ದುಂಟು, ಆದರೆ ಹನ್ನೊಂದು, ಹನ್ನೆರಡನೇ ಸೀಸನ್ನುಗಳು ಹೈದರಾಬಾದ್, ನೊಯ್ಡಾ, ಪುಣೆ, ವಿಶಾಖಪಟ್ಟಣ, ಜೈಪುರ, ಚೆನ್ನೈ, ಡೆಲ್ಲಿ ಎಂದು ಸುತ್ತಿದವು. ಟಿವಿಯಲ್ಲಿ ಮಾತ್ರ ನೋಡಿದವನಿಗೆ ರೈಡರ್ ಮಾತ್ರ ಕಾಣುತ್ತಾನೆ. ಅಂಕಣದ ಬದಿಯಲ್ಲಿ ಕೂತು ನೋಡಿದವನಿಗೆ ಏಳು ಜನ ಹೇಗೆ ಉಸಿರು ಹಿಡಿದು ಒಟ್ಟಿಗೆ ಸರಿಯುತ್ತಾರೆ ಎಂಬುದು ಕಾಣುತ್ತದೆ. ಕಂಠೀರವದಲ್ಲಿ ಹತ್ತು ಪಂದ್ಯ ನಡೆದು, ತೂಬಗೆರೆ ಸೂಲಿಬೆಲೆಯ ಹುಡುಗರು ನಾಲ್ಕಾದರೂ ಕಣ್ಣಾರೆ ನೋಡಿದರೆ ಟೀ ಅಂಗಡಿಯ ತೀರ್ಪು ತಾನೇ ಬದಲಾದೀತು.

ಮುಂದಿನ ಸೀಸನ್ನಿನ ಬಗ್ಗೆ ನನ್ನ ಅಂದಾಜು ಕೇಳಿದರೆ ಇಷ್ಟು. ಕೋಚ್ ಅವರೇ ಇದ್ದು, ಎರಡು ಕಾರ್ನರ್‌ಗಳಲ್ಲಿ ಕನಿಷ್ಠ ಒಬ್ಬರು ಹಾಗೂ ಒಬ್ಬ ಕವರ್ ಹಳಬರಾಗಿದ್ದರೆ ಮೊದಲ ನಾಲ್ಕರೊಳಗೆ ಬರಲು ಈ ತಂಡಕ್ಕೆ ಯಾರ ಹೆಸರಿನ ಹಂಗೂ ಬೇಡ. ಕಪ್ಪಿನ ಮಾತು ಕೊಡಲಾರೆ. 28–25ರ ಫೈನಲ್‌ಗಳ ಕಾಲದಲ್ಲಿ ಕಪ್ ಎನ್ನುವುದು ಒಂದು ಜಾರಿದ ಕಾಲು, ಒಂದು ರಿವ್ಯೂ ತೀರ್ಪಿನ ಮೇಲೆ ಹೋಗುತ್ತದೆ. ಮೊದಲ ಮೂರು ಪಂದ್ಯ ಸೋತರೂ ನಾನು ಗಾಬರಿಯಾಗುವುದಿಲ್ಲ, ಹೋದ ಸಲವೂ ಸೋತಿದ್ದರು. ಆದರೆ ಪಕ್ಕದ ಬೆಂಚಿನ ಗೆಳೆಯರೊಡನೆ ಒಂದು ಪಂಥ ಕಟ್ಟುತ್ತೇನೆ. ಮೊದಲ ಹತ್ತು ಪಂದ್ಯ ಮುಗಿದಾಗ ಬುಲ್ಸ್‌ನ ಟ್ಯಾಕಲ್ ಪಾಯಿಂಟ್ ಪಂದ್ಯಕ್ಕೆ ಹತ್ತು ದಾಟಿದ್ದರೆ ತಂಡ ಪ್ಲೇಆಫ್‌ನಲ್ಲಿರುತ್ತದೆ, ರೈಡರ್ ಯಾರೇ ಇರಲಿ. ಎಂಟಕ್ಕಿಂತ ಕೆಳಗಿದ್ದರೆ ಎರಡು ಕೋಟಿಯ ರೈಡರ್ ಪಟ್ಟಿಯ ಮೊದಲ ಸಾಲಿನಲ್ಲಿರುತ್ತಾನೆ, ತಂಡ ಕೊನೆಯ ಸಾಲಿನಲ್ಲಿ. ಸೋತವರು ಎಲ್ಲರಿಗೂ ಟೀ ಕೊಡಿಸಬೇಕು.